ಮೂಲ ಪ್ರತಿಯಲ್ಲಿಲ್ಲದ ವಾಕ್ಯ

ತೇವರ, ಕೊಚ್ಚಿ
27 ಸೆಪ್ಟೆಂಬರ್ 1965

ಪ್ರೀತಿಯ ಅಣ್ಣನಿಗೆ ಸರೋಜಳ ನಮಸ್ಕಾರ. ಶಾಂತಾ ಅತ್ತಿಗೆಯ ಕೆಮ್ಮು ಈಗ ಕಡಿಮೆಯಾಗಿರಬೇಕು.

ನಿನ್ನ ಪ್ರಸಂಗವನ್ನು ಇವರು ನಿನ್ನೆ ಆರಾಧನೆಯಲ್ಲಿ ಓದಿದರು. ನಿನ್ನ ಅಕ್ಷರ ಈ ಸಲವಂತೂ ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. ಆರು ವರ್ಷದಿಂದ ಇದೇ ನಡೆದಿದೆ. ತಿಂಗಳಿಗೊಮ್ಮೆ ನೀನು ತಿರುವನಂತಪುರದಿಂದ ಗೀಚಿ ಕಳಿಸುವುದು, ನಾನು ಕೂತು ದುಂಡಗೆ ನಕಲು ಮಾಡುವುದು, ಮಲಯಾಳಿಗಳ ಆರಾಧನೆ ಮುಗಿದು ಹಾಲ್ ಖಾಲಿಯಾದ ಮೇಲೆ ಮಧ್ಯಾಹ್ನ ಮೂರಕ್ಕೆ ನಿನ್ನ ಭಾವ ಅದನ್ನು ನಮ್ಮ ಇಪ್ಪತ್ತೆರಡು ಕನ್ನಡ ಮನೆಗಳಿಗೆ ಓದಿ ಹೇಳುವುದು. ಇವರು ಮುಂಚೆ ಒಂದು ಸಲವೂ ಕಣ್ಣಾಡಿಸುವುದಿಲ್ಲ. ಮೊದಲೇ ಓದಿಕೊಂಡರೆ ಆತ್ಮನ ಪ್ರೇರಣೆ ಕೆಡುತ್ತದಂತೆ.

ಯುದ್ಧ ನಿಂತು ನಾಲ್ಕು ದಿನವಾಗಿಲ್ಲ. ಎರಡೂ ಕಡೆಯ ತಾಯಂದಿರಿಗಾಗಿ ಪ್ರಾರ್ಥಿಸಿರಿ ಎಂದು ನೀನು ಬರೆದಲ್ಲಿಗೆ ಬಂದಾಗ ಬೆಂಚುಗಳು ಕಿರುಗುಟ್ಟಿದವು. ಹೊರಗೆ ಚಹಾ ಕುಡಿಯುವಾಗ ಇಬ್ಬರು ನಿನ್ನನ್ನು ಪಾಕಿಸ್ತಾನದ ಪಾದ್ರಿ ಎಂದರು. ಆಮೇಲೆ ಬಾಳೆಹಣ್ಣಿನ ಪಳಂಪೊರಿ ತಿಂದು, ಎಣ್ಣೆ ಕೈ ಒರೆಸಿಕೊಂಡು, ಓದಿದವರ ದನಿಯನ್ನು ಹೊಗಳಿದರು. ನಿಮ್ಮ ಯಜಮಾನರು ಸಾಲಿನ್ಸರು ಎಂಥ ಸಾಧು ಎಂದು ನನಗೇ ಹೇಳಿದರು.

ಓದುವಾಗ ಮೇಜಿನ ಮೇಲೆ ಅಷ್ಟು ಸಾಧುವಾಗಿ ಒಂದರ ಮೇಲೊಂದು ಮಲಗಿದ್ದ ಇವರ ಆ ಕೈಗಳನ್ನು ನಾನು ಮನೆಯಲ್ಲೂ ನೋಡುತ್ತೇನೆ ಅಣ್ಣ. ಸದ್ಯ ಇಷ್ಟೇ ಬರೆಯುತ್ತೇನೆ. ನಕಲು ಮುಗಿಸಲು ಈ ಸಲ ಎರಡು ದಿನ ಹೆಚ್ಚು ಹಿಡಿಯಿತು. ಬಲಗೈ ಬಾತಿತ್ತು.

ನಿನ್ನ ತಂಗಿ
ಸರೋಜ


ಪಟ್ಟಂ, ತಿರುವನಂತಪುರ
9 ಅಕ್ಟೋಬರ್ 1965

ಕರ್ತನಲ್ಲಿ ಪ್ರಿಯ ತಂಗಿ ಸರೋಜಳಿಗೆ ಆಶೀರ್ವಾದಗಳು.

ಕೈ ಬಾತಿದ್ದರೆ ಉಪ್ಪಿನ ಶಾಖ ಕೊಡು. ಚಿಕ್ಕಂದಿನಿಂದಲೂ ನೀನು ಬಾಗಿಲು ಎಳೆಯುವಾಗ ಕೈ ಹಿಂದೆ ತೆಗೆಯುವವಳಲ್ಲ, ಈಗಲೂ ಹಾಗೇ ಇರಬೇಕು.

ಭಾವನ ಕೈಗಳ ಬಗ್ಗೆ ನೀನು ಬರೆದದ್ದು ನನಗೆ ನಗು ತರಿಸಿತು. ಮನೆಯಲ್ಲಿ ಒಂದು ಲೋಟ ಎತ್ತಿಡುವವನಲ್ಲ ಎಂದು ತಾನೆ ನಿನ್ನ ದೂರು? ಶಾಂತಾಳ ದೂರೂ ಅದೇ. ಗಂಡಸರಿಗೆ ಈ ವಿಷಯದಲ್ಲಿ ಮಾನಸಾಂತರ ನಿಧಾನ.

ಆ ಪ್ರಾರ್ಥನೆಯ ದೆಸೆಯಿಂದ ಇಲ್ಲಿಯ ಇಂಗ್ಲಿಷ್ ಸಭೆಯವರು ನನ್ನನ್ನು ಪ್ರಸಂಗಕ್ಕೆ ಕರೆಯುವುದನ್ನು ನಿಲ್ಲಿಸಿದ್ದಾರೆ. ನಾನು ಕೆಲಸ ಮಾಡುವ ಶಾಂತಿ ನಿಲಯದ ಟ್ರಸ್ಟಿಗಳೂ ಮುಖ ಗಂಟು ಹಾಕಿಕೊಂಡಿದ್ದಾರೆ. ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರಕ್ಕೆ ದೇವಾಲಯ ಬಿಟ್ಟುಕೊಟ್ಟದ್ದರ ಬಗ್ಗೆಯೂ ನಾನು ಏನಾದರೂ ಬರೆದುಬಿಡುತ್ತೇನೆ ಎಂಬ ಭಯ ಅವರಿಗೆ. ನನ್ನ ಭಾಷೆಯಲ್ಲಿ ನನ್ನ ಮಾತು ಕೇಳುವವರು ಈಗ ನಿಮ್ಮ ಇಪ್ಪತ್ತೆರಡು ಮನೆಗಳವರು ಮಾತ್ರ. ಜಯಕರ ಭಾವ ಇಲ್ಲದಿದ್ದರೆ ಅದೂ ಇಲ್ಲ. ಅವನನ್ನು ಚೆನ್ನಾಗಿ ನೋಡಿಕೋ.

ನಿನ್ನ ಅಣ್ಣ
ಎಬನೇಜರ್


ತೇವರ, ಕೊಚ್ಚಿ
12 ಫೆಬ್ರವರಿ 1968

ಅಣ್ಣ,

ಇಷ್ಟು ವರ್ಷ ಸುತ್ತಿ ಬಳಸಿ ಬರೆದೆ. ನಿನಗೆ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಕಿರಲಿಲ್ಲ. ಈಗ ನೇರವಾಗಿ ಬರೆಯುತ್ತೇನೆ. ಇವರು ನನ್ನನ್ನು ಹೊಡೆಯುತ್ತಾರೆ. ಮದುವೆಯಾದ ಎರಡನೆಯ ವರ್ಷದಿಂದ ಹೊಡೆಯುತ್ತಿದ್ದಾರೆ. ಕುಡಿದು ಅಲ್ಲ, ಇವರು ಕುಡಿಯುವುದಿಲ್ಲ, ಅದು ನಿನಗೂ ಗೊತ್ತು. ಸಾರಿಗೆ ಹುಳಿ ಹೆಚ್ಚಾದದ್ದಕ್ಕೆ, ಕೆಳಗಿನ ಮನೆಯ ಹರಿಣಾಕ್ಷಿಯ ಹತ್ತಿರ ಅರ್ಧ ಗಂಟೆ ಮಾತಾಡಿದ್ದಕ್ಕೆ, ಮಕ್ಕಳಾಗದ್ದಕ್ಕೆ. ಹೊಡೆದಾದ ಮೇಲೆ ಕೈ ತೊಳೆದುಕೊಳ್ಳುತ್ತಾರೆ. ಸೋಪು ಹಾಕಿ ತೊಳೆದುಕೊಳ್ಳುತ್ತಾರೆ ಅಣ್ಣ, ಹೊಲಸು ನಾನೇ ಎಂಬಂತೆ. ಏಟಿಗಿಂತ ಆ ಸೋಪಿನ ವಾಸನೆ ನನಗೆ ಹೇಸಿಗೆ.

ಮೊನ್ನೆ ಭಾನುವಾರ ನೀನು ಬರೆದ ಪ್ರಸಂಗ ಕೈ ಎತ್ತದವನ ಬಲದ ಬಗ್ಗೆ ಇತ್ತು. ಓದುವಾಗ ಇವರ ಕಣ್ಣಲ್ಲಿ ನೀರು. ನಟನೆಯಾಗಿದ್ದರೆ ಸಹಿಸಬಹುದಿತ್ತು. ನಿಜವಾಗಿಯೇ ಅಳುತ್ತಾರೆ. ನನ್ನ ಅಕ್ಷರದಲ್ಲಿ ನಿನ್ನ ಮಾತನ್ನು ಹಿಡಿದುಕೊಂಡು, ಆ ಕೈಯಲ್ಲಿ ಹಿಡಿದುಕೊಂಡು ಅಳುತ್ತಾರೆ. ಮುಂದಿನ ಬೆಂಚಿನ ಹಿರಿಯ ಹೆಂಗಸೊಬ್ಬರು ನನ್ನ ಕೈ ಹಿಡಿದು, ನೀನು ಆಶೀರ್ವಾದ ಪಡೆದವಳು ಎಂದರು. ಶನಿವಾರ ಇವರು ತಿರುಚಿದ ಕೈಯನ್ನೇ ಹಿಡಿದಿದ್ದರು.

ನಿನ್ನಿಂದ ಒಂದೇ ಒಂದು ಕೇಳುತ್ತೇನೆ. ವರ್ಷಕ್ಕೆ ಎರಡು ಸಲ, ಈಸ್ಟರಿಗೂ ಬೆಳೆಹಬ್ಬಕ್ಕೂ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ನೀನೇ ಬರುತ್ತೀಯ. ಹಿಂದಿನ ದಿನ ಎಲ್ಲರೂ ನಿನ್ನ ಹತ್ತಿರ ಹೆಸರು ಬರೆಸಬೇಕು. ಯಾರ ಮೇಲಾದರೂ ವೈರ ಇಟ್ಟುಕೊಂಡವರನ್ನು, ಮೊದಲು ರಾಜಿಯಾಗಿ ಬನ್ನಿ ಎಂದು ಹೆಸರು ಬರೆಯದೆ ಕಳಿಸುತ್ತೀಯ. ನಲ್ಲಿ ನೀರಿನ ಜಗಳಕ್ಕೆ ಇಬ್ಬರು ಹೆಂಗಸರನ್ನು ಹಾಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಈ ಈಸ್ಟರಿಗೆ ಇವರ ಹೆಸರು ಬರೆಯಬೇಡ. ಇವರ ಕೈಗೆ ರೊಟ್ಟಿ ಕೊಡಬೇಡ. ಮನುಷ್ಯರ ಮುಂದೆ ಒಂದೇ ಒಂದು ಸಲ ಆ ಕೈ ಖಾಲಿಯಾಗಿ ಹಿಂದೆ ಹೋಗಲಿ. ನನಗೆ ಬೇರೇನೂ ಬೇಡ.

ಸರೋಜ


ಪಟ್ಟಂ, ತಿರುವನಂತಪುರ
2 ಮಾರ್ಚ್ 1968

ಕರ್ತನಲ್ಲಿ ಪ್ರಿಯ ತಂಗಿ ಸರೋಜಳಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬಹಳ ದುಃಖವಾಯಿತು. ಉತ್ತರ ತಡವಾಯಿತು, ಬೆಂಗಳೂರಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಾವು ಕರೆದ ಸಭೆಯಿತ್ತು. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ.

ಎರಡು ವರ್ಷದ ಹಿಂದೆ ಅಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ನನ್ನ ಭುಜಕ್ಕೆ ಲಾಠಿ ಬಿದ್ದದ್ದು ನಿನಗೆ ಗೊತ್ತು. ನಾನು ಕೈ ಅಡ್ಡ ಹಿಡಿಯಲಿಲ್ಲ, ಓಡಲೂ ಇಲ್ಲ. ಹೊಡೆದ ಪೋಲೀಸಿನವನ ಮುಖವನ್ನು ನೋಡುತ್ತ ನಿಂತೆ. ಎರಡನೆಯ ಏಟಿಗೆ ಎತ್ತಿದ ಕೋಲನ್ನು ಅವನು ಕೆಳಗಿಳಿಸಿದ. ಏಟು ತಿಂದವನು ದ್ವೇಷವಿಲ್ಲದೆ ನಿಂತರೆ ಹೊಡೆದವನು ಸೋಲುತ್ತಾನೆ. ಇದು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನೀನೂ ಭಾವನ ಮುಂದೆ ಹಾಗೆ ನಿಲ್ಲಲು ಪ್ರಯತ್ನಿಸು. ಅವನ ಕಣ್ಣೀರು ನಿಜ ಎಂದು ನೀನೇ ಬರೆದಿದ್ದೀಯ. ಕಣ್ಣೀರು ಇದ್ದಲ್ಲಿ ದಾರಿ ಇದೆ.

ರೊಟ್ಟಿಯ ವಿಷಯ ಬಹಳ ಯೋಚಿಸಿದೆ. ಸಭೆಯ ಎದುರಿನಲ್ಲಿ ಒಬ್ಬನನ್ನು ನಾಚಿಸುವುದೂ ಹಿಂಸೆಯೇ. ಅದನ್ನು ನಾನು ಮಾಡಲಾರೆ. ಅವನಿಲ್ಲದೆ ಕೊಚ್ಚಿಯ ಆರಾಧನೆಯೂ ನಿಂತುಹೋದೀತು. ಅವನೊಂದಿಗೆ ಪ್ರತ್ಯೇಕವಾಗಿ ಮಾತಾಡುತ್ತೇನೆ.

ನಿನ್ನ ಅಣ್ಣ
ಎಬನೇಜರ್


ತೇವರ, ಕೊಚ್ಚಿ
18 ಏಪ್ರಿಲ್ 1968

ಅಣ್ಣ,

ಈಸ್ಟರಿಗೆ ನೀನು ಬಂದೆ, ರೊಟ್ಟಿ ಕೊಟ್ಟೆ, ಊಟ ಮಾಡಿದೆ, ಹೋದೆ. ಪ್ರತ್ಯೇಕವಾಗಿ ಆಡುತ್ತೇನೆ ಎಂದಿದ್ದ ನಿನ್ನ ಮಾತನ್ನು ನಾನು ಅಡಿಗೆಮನೆಯಿಂದ ಕೇಳಿಸಿಕೊಂಡೆ. ಮನೆಯಲ್ಲಿ ಸಮಾಧಾನ ಇದೆಯಾ ಭಾವ ಎಂದು ಕೇಳಿದೆ. ಇದೆ ಎಂದರು. ಆಮೇಲೆ ಇಬ್ಬರೂ ಮೀನಿನ ರುಚಿಯ ಮಾತಿಗೆ ಹೋದಿರಿ. ನಾನು ಬಡಿಸಿದ ಮೀನು.

ನಿನ್ನನ್ನು ಹೊಡೆದ ಪೋಲೀಸಿನವನು ಸಂಜೆ ನಿನ್ನ ಮನೆಗೆ ಬಂದು ಬಡಿಸು ಎನ್ನಲಿಲ್ಲ. ಅವನ ಅಂಗಿಗೆ ನೀನು ಇಸ್ತ್ರಿ ಹಾಕಲಿಲ್ಲ. ಅವನ ಪಕ್ಕದಲ್ಲಿ ನೀನು ಮಲಗಬೇಕಾಗಿ ಬರಲಿಲ್ಲ. ನಿನ್ನ ಭುಜದ ಗುರುತಿನ ಫೋಟೋ ಪತ್ರಿಕೆಯಲ್ಲಿ ಬಂತು. ನಾನು ಈ ಸೆಕೆಯಲ್ಲಿ ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದೇನೆ. ನಾನು ಹದಿಮೂರು ವರ್ಷದಿಂದ ಇವರ ಮುಖ ನೋಡುತ್ತ ನಿಂತಿದ್ದೇನೆ, ಎತ್ತಿದ ಕೈ ಒಂದು ದಿನವೂ ಕೆಳಗಿಳಿಯಲಿಲ್ಲ.

ಒಬ್ಬನನ್ನು ನಾಚಿಸುವುದು ಹಿಂಸೆ ಎಂದು ಬರೆದೆಯಲ್ಲ, ಆ ಮಾತು ಓದಿ ನನಗೆ ನಿನ್ನ ಮೇಲೂ ಹೇಸಿಗೆ ಬಂತು. ಮುಚ್ಚಿಟ್ಟು ಏನು ಪ್ರಯೋಜನ, ಬರೆದುಬಿಟ್ಟೆ. ಮೇ ತಿಂಗಳ ಪ್ರಸಂಗ ಕಳಿಸು, ನಕಲು ಮಾಡುತ್ತೇನೆ. ಮಾಡದಿದ್ದರೆ ಅದಕ್ಕೂ ಏಟಿದೆ.

ಸರೋಜ


ಪಟ್ಟಂ, ತಿರುವನಂತಪುರ
15 ಡಿಸೆಂಬರ್ 1969

ಕರ್ತನಲ್ಲಿ ಪ್ರಿಯ ತಂಗಿ ಸರೋಜಳಿಗೆ ಕ್ರಿಸ್ಮಸ್ ಶುಭಾಶಯಗಳು.

ಒಂದೂವರೆ ವರ್ಷದಿಂದ ನೀನು ನಕಲಿನ ವಿಷಯ ಬಿಟ್ಟು ಬೇರೇನೂ ಬರೆದಿಲ್ಲ. ನಾನು ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿದುಕೊಂಡಿದ್ದೇನೆ. ಮನೆಯಲ್ಲಿ ಎಲ್ಲ ತಿಳಿಯಾಗಿರಬೇಕು.

ಇದರೊಂದಿಗೆ ನನ್ನ ಪುಸ್ತಕ ಬರುತ್ತಿದೆ. ಕೊಚ್ಚಿಗೆಂದು ಬರೆದ ಪ್ರಸಂಗಗಳಲ್ಲಿ ಮೂವತ್ತನ್ನು ಆರಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದಾರೆ. ನಿನ್ನ ದುಂಡು ಅಕ್ಷರದ ನಕಲುಗಳನ್ನೇ ಪ್ರೆಸ್ಸಿಗೆ ಕೊಟ್ಟಿದ್ದೆ, ಒಂದು ತಪ್ಪೂ ಇರಲಿಲ್ಲವೆಂದು ಅವರು ಮೆಚ್ಚಿದರು. ಮೊದಲ ಪುಟ ತೆರೆದು ನೋಡು, ನಿನಗೆ ಸಂತೋಷವಾಗುತ್ತದೆ. ಅದರಿಂದ ಭಾವನ ಮನಸ್ಸು ಇನ್ನಷ್ಟು ಮೆದುವಾದೀತು ಎಂಬ ಆಸೆಯೂ ನನಗಿದೆ.

ನಿನ್ನ ಅಣ್ಣ
ಎಬನೇಜರ್


ತೇವರ, ಕೊಚ್ಚಿ
3 ಜನವರಿ 1970

ಅಣ್ಣ,

ಪುಸ್ತಕ ತಲುಪಿತು. ಮೊದಲ ಪುಟ ತೆರೆದೆ. “ನನ್ನ ಮಾತಿಗೆ ದನಿಯಾದ, ಶಾಂತ ಸ್ವಭಾವದ ಜಯಕರ ಸಾಲಿನ್ಸರಿಗೆ.” ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದು ಅಲಂಕಾರದ ಮಾತಲ್ಲ, ನಿಜಕ್ಕೂ ಮಾಡಿಕೊಂಡೆ.

ನಕಲು ಮಾಡಿದವಳ ಹೆಸರು ಹಾಕಲಿಲ್ಲ ಎಂದು ನನಗೆ ಕೋಪವಿಲ್ಲ. ನನ್ನ ಹೆಸರು ಆ ಹೆಸರಿನ ಪಕ್ಕ ಅಚ್ಚಾಗಲಿಲ್ಲವಲ್ಲ, ಅಷ್ಟು ದಯೆ ಸಾಕು. ಇವರು ಹತ್ತು ಪ್ರತಿ ತರಿಸಿಕೊಂಡಿದ್ದಾರೆ. ಆಫೀಸಿನಲ್ಲಿ ಹಂಚುತ್ತಾರೆ. ಬಂದವರಿಗೆಲ್ಲ ಆ ಪುಟ ತೆರೆದು ತೋರಿಸಿ, ಭಾವ ಸುಮ್ಮನೆ ಪ್ರೀತಿಯಿಂದ ಬರೆದದ್ದು ಎಂದು ತಲೆ ತಗ್ಗಿಸುತ್ತಾರೆ. ಮೊದಲು ಹೊಡೆದ ಮೇಲೆ ಸ್ವಲ್ಪ ಹೊತ್ತಾದರೂ ಮಂಕಾಗಿ ಕೂರುತ್ತಿದ್ದರು. ಈಗ ಅದೂ ಇಲ್ಲ. ಶಾಂತ ಸ್ವಭಾವ ಅಚ್ಚಾಗಿ ಬಂದುಬಿಟ್ಟಿತಲ್ಲ, ಇನ್ನೇನು ಚಿಂತೆ.

ನಾನು ಬರೆಯದೆ ಇದ್ದದ್ದು ಮನೆ ತಿಳಿಯಾದದ್ದಕ್ಕಲ್ಲ. ನಿನಗೆ ಬರೆದು ಪ್ರಯೋಜನವಿಲ್ಲ ಎಂದು.

ಸರೋಜ


ತೇವರ, ಕೊಚ್ಚಿ
5 ಏಪ್ರಿಲ್ 1971

ಅಣ್ಣ,

ಇದನ್ನು ನೀನು ಇವರ ಕಾಗದಕ್ಕಿಂತ ಮೊದಲು ಓದಬೇಕು ಎಂದು ಹರಿಣಾಕ್ಷಿಯ ಕೈಯಲ್ಲಿ ಈಗಲೇ ಟಪಾಲಿಗೆ ಹಾಕಿಸುತ್ತಿದ್ದೇನೆ. ಅವಳು ಬ್ಯಾಂಕಿಗೆ ಹೋಗುವ ದಾರಿಯಲ್ಲೇ ಪೋಸ್ಟಾಫೀಸು.

ನಿನ್ನೆ ಗರಿಗಳ ಭಾನುವಾರ. ನೀನು ಕಳಿಸಿದ ಪ್ರಸಂಗವನ್ನು ಎಂದಿನಂತೆ ನಕಲು ಮಾಡಿದೆ. ಐದನೆಯ ಪುಟದಲ್ಲಿ, ಕರ್ತನ ಮೇಜಿಗೆ ಶುದ್ಧ ಹಸ್ತದಿಂದ ಬನ್ನಿರಿ ಎಂದು ನೀನು ನಿಲ್ಲಿಸಿದ ಕಡೆ, ನಾನು ಒಂದು ವಾಕ್ಯ ಸೇರಿಸಿದೆ. “ತನ್ನ ಮನೆಯ ಹೆಂಗಸನ್ನು ಹೊಡೆಯುವವನು ಬರುವ ಶನಿವಾರ ನನ್ನ ಹತ್ತಿರ ಹೆಸರು ಬರೆಸಲು ಬರುವುದು ಬೇಡ, ಬಂದರೂ ಆ ಕೈಗೆ ನಾನು ರೊಟ್ಟಿ ಕೊಡುವುದಿಲ್ಲ.”

ಇವರು ಮುಂಚೆ ಓದಿಕೊಳ್ಳುವುದಿಲ್ಲವಲ್ಲ. ಗದ್ಗದ ದನಿಯಲ್ಲೇ ಆ ವಾಕ್ಯಕ್ಕೆ ಇಳಿದರು. ಶನಿವಾರ ಎಂಬ ಪದದ ಹತ್ತಿರ ದನಿ ಸ್ವಲ್ಪ ಒಣಗಿತು. ನಿಲ್ಲಿಸುವ ಹಾಗಿಲ್ಲ, ಎಲ್ಲರೂ ಕಾಯುತ್ತಿದ್ದಾರೆ. ಕೊನೆಯವರೆಗೂ ಓದಿದರು. ಹೆಂಗಸರ ಬೆಂಚಿನಲ್ಲಿ ಒಬ್ಬಳು ನನ್ನ ರವಿಕೆಯ ತೋಳನ್ನು ನೋಡಿದಳು, ಇನ್ನೊಬ್ಬಳು ತನ್ನ ತೋಳನ್ನು ಎಳೆದುಕೊಂಡಳು. ಅವಳ ಮನೆಯಲ್ಲೂ ಹಾಗೇ ಎಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಹೊಡೆಯಲಿಲ್ಲ. ಎದುರು ಕೂರಿಸಿಕೊಂಡು, ಇದು ನಿನ್ನ ಅಣ್ಣ ಬರೆದದ್ದೋ ನೀನು ಬರೆದದ್ದೋ ಎಂದರು. ಅಣ್ಣ ಬರೆದದ್ದು ಎಂದೆ. ಮೂಲ ಪ್ರತಿ ತೋರಿಸು ಎಂದರು. ಒಲೆಗೆ ಹಾಕಿದೆ ಎಂದೆ, ಹಾಕಿಯೇ ಇದ್ದೆ. ನಿನಗೆ ಬರೆದು ಕೇಳುತ್ತಾರೆ. ನಿನ್ನ ಹೆಸರಿಗೆ ಅವರು ಹೆದರುತ್ತಾರೆ ಅಣ್ಣ, ಅದೊಂದಕ್ಕೇ ಹೆದರುವುದು. ಅದನ್ನು ನೀನೇ ಬರೆದದ್ದು ಎಂದು ಹೇಳು. ಸುಳ್ಳಾಗುತ್ತದೆ ಎಂದು ಹಿಂಜರಿಯಬೇಡ. ಬರುವ ಭಾನುವಾರ ಈಸ್ಟರಿಗೆ ನೀನು ಹಾಗೆಯೇ ನಡೆದುಕೊಂಡರೆ ಅದು ಸುಳ್ಳಾಗುವುದಿಲ್ಲ.

ಸರೋಜ


ಪಟ್ಟಂ, ತಿರುವನಂತಪುರ
7 ಏಪ್ರಿಲ್ 1971

ಕರ್ತನಲ್ಲಿ ಪ್ರಿಯ ತಂಗಿ ಸರೋಜಳಿಗೆ,

ನಿನ್ನ ಕಾಗದವೂ ಭಾವನ ಕಾಗದವೂ ಒಂದೇ ಟಪಾಲಿನಲ್ಲಿ ಬಂದವು. ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಪ್ರಾರ್ಥನೆಯಲ್ಲಿ ಕುಳಿತಿದ್ದೆ.

ನಾನು ಸುಳ್ಳು ಬರೆಯಲಾರೆ. ಅಹಿಂಸೆಗೆ ಸತ್ಯವೇ ಕಾಲು. ಒಂದು ಸಲ ಅದನ್ನು ಬಿಟ್ಟರೆ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಬಿದ್ದುಹೋಗುತ್ತದೆ. ಆದ್ದರಿಂದ ಆ ವಾಕ್ಯ ನನ್ನದಲ್ಲ ಎಂದು ಅವನಿಗೆ ಇವತ್ತೇ ಬರೆದು ಹಾಕಿದ್ದೇನೆ. ಅವನಿಗೆ ಸಂಶಯ ಉಳಿಯದಿರಲಿ ಎಂದು ನನ್ನ ಹತ್ತಿರ ಉಳಿದಿದ್ದ ಕರಡನ್ನೂ ಜೊತೆಗಿಟ್ಟೆ. ಸರೋಜ ನೋವಿನಲ್ಲಿ ಹಾಗೆ ಮಾಡಿದ್ದಾಳೆ, ಸಿಟ್ಟು ಮಾಡದೆ ಅವಳನ್ನು ಕ್ಷಮಿಸು ಎಂದು ಸ್ಪಷ್ಟವಾಗಿ ಕೇಳಿಕೊಂಡಿದ್ದೇನೆ. ಅವನು ನನ್ನ ಮಾತು ಮೀರುವವನಲ್ಲ.

ಶನಿವಾರ ಬರುತ್ತೇನೆ. ಎಲ್ಲವನ್ನೂ ಕೂತು ಮಾತಾಡೋಣ.

ನಿನ್ನ ಅಣ್ಣ
ಎಬನೇಜರ್


ಕೊಚ್ಚಿ
19 ಏಪ್ರಿಲ್ 1971

ಅಣ್ಣ,

ಬರೆಯುತ್ತಿರುವವಳು ಕೆಳಗಿನ ಮನೆಯ ಹರಿಣಾಕ್ಷಿ, ಹೇಳುತ್ತಿರುವವಳು ನಾನು. ಬಲಗೈ ಎರಡು ಕಡೆ ಮುರಿದಿದೆ. ಮೊಣಕೈಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ.

ನಿನ್ನ ಕರಡು ಗುರುವಾರ ತಲುಪಿತು. ಆಫೀಸಿನಿಂದ ಬಂದವರು ಕೂತು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ನನ್ನ ನಕಲಿನ ಐದನೆಯ ಪುಟ ಒಂದು ಕಡೆ, ನಿನ್ನದು ಒಂದು ಕಡೆ, ಸಾಲು ಸಾಲಾಗಿ ಹೋಲಿಸಿ ನೋಡಿದರು. ನೀನು ಅಷ್ಟು ಚೆನ್ನಾಗಿ ಪುರಾವೆ ಒದಗಿಸಿದ್ದೆ. ಆಮೇಲೆ, ಬರೆದ ಕೈ ಇದೇ ಅಲ್ಲವಾ ಎಂದು ಕೇಳಿದರು. ಮುಂದಿನದನ್ನು ಹೇಳಿ ಬರೆಸಲು ಹರಿಣಾಕ್ಷಿಯ ಮುಂದೆ ನನಗೆ ನಾಚಿಕೆ. ಅವಳು ಮೇಲೆ ಓಡಿ ಬಂದಾಗ ಇವರು ಬಾಗಿಲಿಗೆ ಅಡ್ಡ ನಿಂತು, ಇದು ಕ್ರೈಸ್ತರ ಮನೆಯ ವಿಷಯ ಎಂದು ಏನೋ ಉಪದೇಶ ಶುರು ಮಾಡಿದರು. ಅವಳು, “ನಿಮ್ಮ ಪ್ರಸಂಗ ಸಾಕು ಮಾರಾಯ್ರೆ, ಬಾಗಿಲು ಬಿಡಿ” ಎಂದು ಪಕ್ಕಕ್ಕೆ ತಳ್ಳಿ ಒಳಗೆ ಬಂದಳು. ಹದಿನಾರು ವರ್ಷದಲ್ಲಿ ನನ್ನ ಪರವಾಗಿ ಆ ಮನೆಯಲ್ಲಿ ಕೇಳಿಸಿದ ಮೊದಲ ಮಾತು ಅದು.

ಶನಿವಾರ ನೀನು ಹೆಸರು ಬರೆಯಲು ಬಂದೆ. ಸರೋಜ ಎಲ್ಲಿ ಎಂದು ಕೇಳಿದೆಯಂತೆ. ಮೆಟ್ಟಿಲಲ್ಲಿ ಜಾರಿದಳು, ಆಸ್ಪತ್ರೆಯಲ್ಲಿದ್ದಾಳೆ ಎಂದರಂತೆ. ನೀನು ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸಿದೆಯಂತೆ. ಮರುದಿನ ರೊಟ್ಟಿ ಕೊಟ್ಟೆಯಂತೆ. ನನ್ನ ಕೈ ಮುರಿದು ಮೂರು ದಿನವಾಗಿತ್ತು, ಅದನ್ನು ಮುರಿದ ಕೈಯ ಮೇಲೆ ನೀನು ರೊಟ್ಟಿ ಇಟ್ಟೆ. ನಿನ್ನ ಹಾಲ್‌ನಿಂದ ಈ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷ. ನಾನು ಆರು ಗಂಟೆಯವರೆಗೆ ಬಾಗಿಲ ಕಡೆ ನೋಡುತ್ತಿದ್ದೆ.

ಆ ಮನೆಗೆ ನಾನು ಹಿಂದಿರುಗುವುದಿಲ್ಲ. ನಿನ್ನ ಮನೆಗೂ ಬರುವುದಿಲ್ಲ. ಅವರ ಮೇಲೆ ನನಗಿರುವ ಹೇಸಿಗೆ ಹಳೆಯದು, ಅದು ರೂಢಿಯಾಗಿದೆ. ನಿನ್ನ ಮೇಲಿನದು ಹೊಸದು, ತಡೆಯಲಾಗುತ್ತಿಲ್ಲ. ಬರೆಯಬೇಡ.

(ಸರೋಜ ಹೇಳಿದಂತೆ ಬರೆದಿದ್ದೇನೆ. ಒಂದು ಅಕ್ಷರ ನಾನು ಸೇರಿಸಲಿಲ್ಲ. ಹರಿಣಾಕ್ಷಿ)


ಪಟ್ಟಂ, ತಿರುವನಂತಪುರ
8 ಅಕ್ಟೋಬರ್ 1971

ಸರೋಜ,

ಬರೆಯಬೇಡ ಎಂದು ನೀನು ಹೇಳಿದ್ದೆ. ಆರು ತಿಂಗಳು ಬರೆದು ಹರಿದೆ. ಇದನ್ನು ಹರಿಯುವ ಮೊದಲು ಹರಿಣಾಕ್ಷಿಯವರ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಎಲ್ಲಿದ್ದೀಯ ಎಂದು ಅವರು ನನಗೆ ಹೇಳುತ್ತಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಈಸ್ಟರಿನ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ಗೇಟಿನವರೆಗೆ. ನಿನ್ನ ಕೈ ನೋಡಿದರೆ ಮೆಟ್ಟಿಲಲ್ಲಿ ಜಾರಿದ್ದಲ್ಲ ಎಂದು ತಿಳಿಯುತ್ತದೆ, ತಿಳಿದರೆ ರೊಟ್ಟಿ ಕೊಟ್ಟದ್ದು ಏನಾಗುತ್ತದೆ ಎಂದು ಹೆದರಿ ಹಿಂದಿರುಗಿದೆ. ಲಾಠಿಗೆ ಹೆದರದವನು.

ನಿನ್ನ ಏಪ್ರಿಲ್ ಕಾಗದವನ್ನು ಶಾಂತಾ ನನ್ನ ಮೇಜಿನಿಂದ ತೆಗೆದು ಓದಿದಳು. ಸತ್ಯಕ್ಕಾಗಿ ಹಾಗೆ ಮಾಡಿದೆ ಎಂದು ನಾನು ಹೇಳುತ್ತಿದ್ದೆ. ಅವಳು, “ನೀವು ಸತ್ಯ ಉಳಿಸಿದ್ದಲ್ಲ. ನಿಮ್ಮ ಹೆಸರು ಉಳಿಸಿದ್ದು” ಎಂದಳು. ಅಂದಿನಿಂದ ಊಟಕ್ಕೆ ಕರೆಯಲು ಮಾತ್ರ ಮಾತಾಡುತ್ತಾಳೆ. ನನ್ನ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಎಲ್ಲ ಪುಟಗಳಲ್ಲೂ ಏಟು ತಿನ್ನುವವರಿಗೆ ಬುದ್ಧಿ ಹೇಳಿದ್ದೇನೆ. ಹೊಡೆಯುವವರಿಗೆ ಒಂದು ಮಾತಿಲ್ಲ. ಅವರ ಕೈಗೇ ಅದನ್ನು ಕೊಟ್ಟು ಓದಿಸುತ್ತಿದ್ದೆ.

ಕಳೆದ ಭಾನುವಾರ ಬೆಳೆಹಬ್ಬ. ಶನಿವಾರ ಜಯಕರ ಹೆಸರು ಬರೆಸಲು ಬಂದ. ಬರೆಯುವುದಿಲ್ಲ ಎಂದೆ. ನಕ್ಕ. ಮರುದಿನ ನಾನು ಸಭೆಗೆ, ಗರಿಗಳ ಭಾನುವಾರ ನೀವು ಕೇಳಿದ ವಾಕ್ಯ ನಾನು ಬರೆದದ್ದಲ್ಲ, ಬರೆಯಬೇಕಾಗಿತ್ತು ಎಂದು ಹೇಳಿ, ಅದನ್ನು ಪೂರ್ತಿ ಓದಿದೆ. ಅವನು ಎದ್ದು ಬಂದು ಕೈ ಚಾಚಿದ. ನಾನು ತಟ್ಟೆಯನ್ನು ಹಿಂದೆ ತೆಗೆದೆ. ಆ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವನು ಹೊರಗೆ ಹೋದ, ಅವನ ಹಿಂದೆ ಹದಿನಾಲ್ಕು ಮನೆಯವರು ಹೋದರು. ಪಾದ್ರಿ ಮನೆ ಮಾತನ್ನು ದೇವಾಲಯಕ್ಕೆ ತಂದ ಎಂದು ಗೊಣಗುತ್ತ ಹೋದರು. ಉಳಿದವರು ಹಾಡಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಇನ್ನು ಕೊಚ್ಚಿಯಲ್ಲಿ ಕನ್ನಡ ಆರಾಧನೆ ಇರಲಿಕ್ಕಿಲ್ಲ. ಟ್ರಸ್ಟಿಗಳಿಗೆ ದೂರು ಬಂದಿದೆ, ರಾಜೀನಾಮೆ ಕೇಳಿದ್ದಾರೆ.

ಈಗ ನಾನು ಮನೆಯೊಳಗಿನ ಹಿಂಸೆಯ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದಿದ್ದೇನೆ. ನಿನ್ನ ಕಾಗದಗಳಿಂದ ಕೆಲವು ಭಾಗಗಳನ್ನು ಹೆಸರಿಲ್ಲದೆ ಬಳಸಲೇ? ಪುಸ್ತಕವನ್ನು ನಿನಗೇ ಅರ್ಪಿಸುತ್ತೇನೆ. ಬಂದು ನಿನ್ನನ್ನು ನೋಡಲು ಅನುಮತಿ ಕೊಡು.

ಎಬನೇಜರ್


ಕಳಮಶ್ಶೇರಿ
2 ನವೆಂಬರ್ 1971

ಅಣ್ಣ,

ಅಕ್ಷರ ಸೊಟ್ಟಗಿದೆ, ಮೂಳೆ ಕೂಡಿಕೊಂಡದ್ದೇ ಹಾಗೆ. ಇಲ್ಲಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪ್ ಮಾಡುತ್ತೇನೆ. ಹರಿಣಾಕ್ಷಿ ಕೆಲಸ ಹುಡುಕಿಕೊಟ್ಟಳು. ಹಾಸ್ಟೆಲಿನಲ್ಲಿ ನಾಲ್ಕು ಜನ ಇರುವ ಕೋಣೆ, ಮಧ್ಯಾಹ್ನ ಬೇಯಿಸಿದ ಮರಗೆಣಸಿನ ಕಪ್ಪ, ಬೆಳಗ್ಗೆ ಗಾಳಿ ಈ ಕಡೆ ಬೀಸಿದರೆ ಕಾರ್ಖಾನೆಯ ಕೆಟ್ಟ ವಾಸನೆ. ಸೋಪಿನ ವಾಸನೆಗಿಂತ ಅದು ಒಳ್ಳೆಯದು. ಇಲ್ಲಿ ನಾನು ಗಿಡ್ಡ ತೋಳಿನ ರವಿಕೆ ಹಾಕುತ್ತೇನೆ.

ನೀನು ತಟ್ಟೆ ಹಿಂದೆ ತೆಗೆದದ್ದನ್ನು ಓದಿದಾಗ ಸಂತೋಷವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ನಾನು ಅದನ್ನು ಕೇಳಿದ್ದು ಮೂರು ವರ್ಷದ ಹಿಂದೆ, ಕೈ ಗಟ್ಟಿಯಿದ್ದಾಗ. ಆದರೂ ತೋಳು ಎಳೆದುಕೊಂಡ ಆ ಇನ್ನೊಬ್ಬಳು ನಿನ್ನ ಎದುರಿಗೆ ಕೂತಿದ್ದಿರಬಹುದು. ಅವಳಿಗೆ ಅದು ತಡವಾಗಿರಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ನನ್ನ ಕಾಗದಗಳನ್ನು ಬಳಸಬೇಡ, ಹೆಸರಿಲ್ಲದೆಯೂ ಬೇಡ. ನನಗೆ ಏನನ್ನೂ ಅರ್ಪಿಸಬೇಡ. ಹೊಡೆತ ತಿಂದವಳನ್ನು ನೋಡಿದ ಕೂಡಲೇ ಪುಸ್ತಕ ನೆನಪಾಗುತ್ತದಲ್ಲ, ನಿನ್ನಲ್ಲಿ ನನಗೆ ಅಸಹ್ಯವಾಗುವುದು ಅದೇ. ನಿನ್ನ ಪುಸ್ತಕಕ್ಕೆ ನಾನು ಬೇಕಾದದ್ದು ಎರಡು ಸಲವಾಯಿತು, ಮೊದಲು ಕೈ, ಈಗ ಏಟು. ನೀನು ಬರೆಯುವುದಾದರೆ ಜಯಕರರ ಬಗ್ಗೆ ಬರೆ. ಗೇಟಿನಿಂದ ಹಿಂದಿರುಗಿದವನ ಬಗ್ಗೆ ಬರೆ. ಅದು ನಿನಗೆ ಒಳಗಿನಿಂದ ಗೊತ್ತು.

ನೋಡಲು ಬರುವುದಾದರೆ ಬಾ. ಇಲ್ಲ ಎನ್ನುವಷ್ಟು ಗಟ್ಟಿ ನಾನಿನ್ನೂ ಆಗಿಲ್ಲ. ಭಾನುವಾರ ನಾಲ್ಕರಿಂದ ಆರರವರೆಗೆ ಕೆಳಗಿನ ಜಗಲಿಯಲ್ಲಿ ಕೂರಲು ಬಿಡುತ್ತಾರೆ. ಕ್ಷಮೆಯ ಮಾತು ತೆಗೆಯಬೇಡ, ಪ್ರಾರ್ಥನೆ ಮಾಡಿಸಬೇಡ. ಅತ್ತಿಗೆಯನ್ನು ಕರೆದುಕೊಂಡು ಬಾ. ಮೇಟ್ರನ್ ಗಂಡಸರನ್ನು ಸುಮ್ಮನೆ ಒಳಗೆ ಬಿಡುವವಳಲ್ಲ, ನೀವು ಅವಳಿಗೆ ಏನಾಗಬೇಕು ಎಂದು ಕೇಳುತ್ತಾಳೆ. ಅಣ್ಣ ಎಂದು ಹೇಳು. ರೆವರೆಂಡ್ ಬಂದಿದ್ದಾರೆ ಎಂದು ಹೇಳಿ ಕಳಿಸಿದರೆ ನಾನು ಮೆಟ್ಟಿಲು ಇಳಿಯುವುದಿಲ್ಲ.

ಸರೋಜ